ಕತೆಯಲ್ಲಿ 'ಓರಿಯಾನ್ ನಕ್ಷತ್ರಪುಂಜದ ಸಾಮ್ರಾಜ್ಯ' ಅಂತ ಬರೆದರೆ ತಪ್ಪಾ?

ತಪ್ಪೇ. ಬೇಜಾರು ಮಾಡಿಕೊಳ್ಳಬೇಡಿ, ನನ್ನ ಮೊದಲ ಕತೆಯಲ್ಲಿ ನಾನೂ ಇದೇ ಎಡವಟ್ಟು ಮಾಡಿದ್ದೆ.

ನಕ್ಷತ್ರಪುಂಜ ಅನ್ನೋದು ಊರಲ್ಲ, ದಿಕ್ಕು. ಭೂಮಿಯಿಂದ ನೋಡುವಾಗ ಅಕ್ಕಪಕ್ಕ ಕಾಣುವ ನಕ್ಷತ್ರಗಳು, ಅಷ್ಟೆ. ನಿಮ್ಮ ಓರಿಯಾನನ್ನೇ ತಗೊಳ್ಳಿ, ನಮ್ಮ ಪುಸ್ತಕಗಳ ಮಹಾವ್ಯಾಧ. ಅವನ ಒಂದು ಭುಜ ಬೆಲ್ಲಾಟ್ರಿಕ್ಸ್, ನಮ್ಮಿಂದ ಸುಮಾರು 250 ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ). ಕಾಲಿನ ರೈಗೆಲ್ ಸುಮಾರು 860. ಅಂದರೆ ಬೆಲ್ಲಾಟ್ರಿಕ್ಸ್‌ಗೆ ರೈಗೆಲ್‌ಗಿಂತ ನಮ್ಮ ಸೂರ್ಯನೇ ಹತ್ತಿರದ ನೆರೆಯವ! ನಿಮ್ಮ ಚಕ್ರವರ್ತಿ ಭುಜದಿಂದ ಕಾಲಿಗೆ ಒಂದು ಆಜ್ಞೆ ಕಳಿಸಿದರೆ, ಅದು ಬೆಳಕಿನ ವೇಗದಲ್ಲಿ ಹೋದರೂ ಮುಟ್ಟಲು 600 ವರ್ಷ ದಾಟುತ್ತದೆ.

ಸೆಲೆಸ್ಟಿಯಾ ಅಂತ ಒಂದು ಉಚಿತ ತಂತ್ರಾಂಶ ಇದೆ. ಅದರಲ್ಲಿ ಓರಿಯಾನ್ ಕಡೆಗೆ ಸುಮ್ನೆ ಹಾರಿ ನೋಡಿ. ಬೆಲ್ಲಾಟ್ರಿಕ್ಸ್ ಮೊದಲು ಪಕ್ಕಕ್ಕೆ ಸರಿದು ಬೆನ್ನ ಹಿಂದೆ ಹೋಗುತ್ತದೆ. ಮೂರು ಚುಕ್ಕೆಯ ಸೊಂಟಪಟ್ಟಿ ಇನ್ನೂ ಮುಂದೆಯೇ ಇರುತ್ತದೆ. ಬೇಟೆಗಾರ ಎಲ್ಲಿ ಹೋದ ಅಂತ ಹುಡುಕಬೇಕು. ನನ್ನ ಕತೆ ನಾನು ಹರಿದು ಹಾಕಿದ್ದು ಅವತ್ತೇ.

ಹಾಗಾದರೆ ಖಗೋಳದವರು ಈ ಹೆಸರು ಯಾಕೆ ಬಳಸ್ತಾರೆ? ವಿಳಾಸ ಹೇಳೋಕೆ. ಇಡೀ ಆಕಾಶವನ್ನು 88 ತುಂಡು ಮಾಡಿಕೊಂಡಿದ್ದಾರೆ, ಗಡಿರೇಖೆಗಳು 1930ರಲ್ಲಿ ಪ್ರಕಟವಾದವು. 'ಆಂಡ್ರೊಮಿಡಾದಲ್ಲಿದೆ' ಅಂದರೆ ಆ ತುಂಡಿನ ಕಡೆ ನೋಡು ಅಂತ. ಅಲ್ಲಿ 97 ಜ್ಯೋತಿರ್ವರ್ಷದ ನಕ್ಷತ್ರವೂ ಇದೆ, 25 ಲಕ್ಷ ಜ್ಯೋತಿರ್ವರ್ಷದಾಚೆಯ ಗ್ಯಾಲಕ್ಸಿಯೂ ಇದೆ.

ಕತೆಗೆ ಬೇಕಾದ್ದು ಒಂದು ನಕ್ಷತ್ರದ ಹೆಸರು. ಟೌ ಸೆಟಿ ನೋಡಿ, ಸೂರ್ಯನಂಥದ್ದೇ, 12 ಜ್ಯೋತಿರ್ವರ್ಷ. 'ಸೆಟಿ' ಅಂದರೆ ಸೀಟಸ್‌ನ, ಅಂದರೆ ತಿಮಿಂಗಿಲದ. ಲ್ಯಾಟಿನ್ನಿನ ಷಷ್ಠಿ ವಿಭಕ್ತಿ ಅದು! ಪುಂಜದ ಹೆಸರಿಗೆ ಗ್ರೀಕ್ ಅಕ್ಷರ ಅಂಟಿಸುವ ಈ ಪದ್ಧತಿ ಶುರು ಮಾಡಿದ್ದು ಯೋಹಾನ್ ಬೇಯರ್, 1603ರಲ್ಲಿ. 1960ರಲ್ಲಿ ಖಗೋಳ ವಿಜ್ಞಾನಿ ಫ್ರಾಂಕ್ ಡ್ರೇಕ್ ಅನ್ಯಲೋಕದ ರೇಡಿಯೊ ಸದ್ದಿಗೆ ಕಿವಿಗೊಟ್ಟಾಗ ಆರಿಸಿಕೊಂಡ ಎರಡು ನಕ್ಷತ್ರಗಳಲ್ಲಿ ಟೌ ಸೆಟಿಯೂ ಒಂದು. ಇನ್ನೊಂದು ಎಪ್ಸಿಲಾನ್ ಎರಿಡಾನಿ.

ಇನ್ನೊಂದು ಮಾತು. ನಿಮ್ಮ ಖಳರು ಅವರ ಆಕಾಶದಲ್ಲಿ ಏನು ನೋಡ್ತಾರೆ ಅನ್ನೋದನ್ನೂ ಬರೆಯಿರಿ, ಅದು ಜಾಸ್ತಿ ಮಜಾ ಕೊಡುತ್ತೆ. 4.4 ಜ್ಯೋತಿರ್ವರ್ಷದ ಆಲ್ಫಾ ಸೆಂಟಾರಿಯಿಂದ ನೋಡಿದರೂ ಕ್ಯಾಸಿಯೋಪಿಯಾ ಅನ್ನೋ ಪುಂಜದ ಐದು ಚುಕ್ಕೆ ಹೆಚ್ಚುಕಮ್ಮಿ ಹಾಗೇ ಇರುತ್ತವೆ. ತುದಿಯಲ್ಲಿ ಮಾತ್ರ ಆರನೆಯದೊಂದು, ಉಳಿದವಕ್ಕಿಂತ ಪ್ರಕಾಶಮಾನವಾಗಿ. ಅದು ನಮ್ಮ ಸೂರ್ಯ.