ಅಮ್ಮನ ಉದ್ಯೋಗ: 'ಇಲ್ಲ'

ಇವರನ್ನು ಗಿರಿಜಾ ಅಂತ ಕರೆಯೋಣ. ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು ನಲವತ್ತರ ಆಸುಪಾಸು, ಮನೆ ದಾವಣಗೆರೆಯಲ್ಲಿ. ಗಂಡ ಮಂಡಿಪೇಟೆಯ ಸಗಟು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಪಿಯುಸಿ ಓದುವ ಮಗಳು, ಹೈಸ್ಕೂಲಿನ ಮಗ, ಜೊತೆಗೆ ಅತ್ತೆ.

ಬಂದದ್ದು ತಲೆನೋವು, ನಿದ್ದೆ ಇಲ್ಲ ಅಂತ. ಡಾಕ್ಟರು ರಕ್ತ, ಬಿಪಿ, ಥೈರಾಯ್ಡ್ ಎಲ್ಲ ನೋಡಿ, ತೊಂದರೆ ಏನೂ ಕಾಣದೆ ಆಪ್ತ ಸಮಾಲೋಚನೆಗೆ ಅಂತ ನನ್ನ ಹತ್ತಿರ ಕಳಿಸಿದ್ದರು. "ಸುಮ್ನೆ ಬಂದೆ ಮೇಡಂ, ನನಗೇನು ಅಂಥ ಕಷ್ಟ ಇಲ್ರಿ" ಅಂತಲೇ ಮಾತು ಶುರು ಮಾಡಿದರು. ಹೀಗೆ ಶುರು ಮಾಡಿದವರ ಹತ್ತಿರ ನಾನು ಅವಸರ ಮಾಡುವುದಿಲ್ಲ. ತಮ್ಮ ನೋವನ್ನು ತಾವೇ ಚಿಕ್ಕದು ಮಾಡಿ ಹೇಳುವುದು ಎಷ್ಟೋ ಹೆಂಗಸರಿಗೆ ರೂಢಿಯಾಗಿ ಹೋಗಿದೆ.

ಸ್ವಲ್ಪ ಹೊತ್ತಿಗೆ ವಿಷಯ ಹೊರಗೆ ಬಂತು. ಮಗಳು ಕಾಲೇಜಿನ ಅರ್ಜಿ ತುಂಬುವಾಗ 'ತಾಯಿಯ ಉದ್ಯೋಗ' ಅನ್ನುವ ಕಡೆ 'ಇಲ್ಲ' ಅಂತ ಬರೆದಿದ್ದಳಂತೆ.

"ಅವಳದ್ದೇನು ತಪ್ಪಿಲ್ರಿ, ಇರೋದನ್ನೇ ಬರೆದಿದ್ದಾಳೆ. ರೇಷನ್ ಕಾರ್ಡಲ್ಲಿ ಮನೆ ಯಜಮಾನಿ ಅಂತ ನಾನೇ ಇದೀನಿ. ಗೃಹಲಕ್ಷ್ಮಿ 2,000 ರೂಪಾಯಿ ನನ್ನ ಹೆಸರಿಗೇ ಬರುತ್ತೆ. ಅದು ಬಿಟ್ರೆ ನನ್ನ ಹೆಸರು ಹಿಡಿದು ಕರೆಯೋರೇ ಇಲ್ಲ."

ಊಟ, ನಿದ್ದೆ, ಅಳು, ಬದುಕೇ ಬೇಡ ಅನ್ನಿಸಿದ್ದು ಇದೆಯಾ, ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ ಅಂತ ನೇರವಾಗಿ ಕೇಳಿದೆ. ಇದನ್ನು ಕೇಳದೆ ಮುಂದಿನ ಮಾತಿಗೆ ಹೋಗುವ ಹಾಗಿಲ್ಲ. ಅಂಥದ್ದೇನೂ ಇರಲಿಲ್ಲ. ಆಮೇಲೆ, "ದಿನದಲ್ಲಿ ಯಾವ ಹೊತ್ತು ತಲೆನೋವು ಇರಲ್ಲ?" ಅಂದೆ. ಅವರು ಯೋಚನೆ ಮಾಡಿದರು. "ಬೆಳಿಗ್ಗೆ ಆರರಿಂದ ಏಳು ಇರಲ್ಲ ಅನ್ಸುತ್ತೆ." ಆ ಹೊತ್ತಲ್ಲಿ ಏನು ಮಾಡ್ತೀರಿ? "ಏನಿಲ್ರಿ, ಸ್ಕೂಟಿ ಕಲಿಸ್ತೀನಿ."

ಸೈಟ್ ಮಾಡಿ ಬಿಟ್ಟಿರುವ ಹೊಸ ಲೇಔಟಿನ ಖಾಲಿ ರಸ್ತೆಯಲ್ಲಿ ಓಣಿಯ ಹೆಂಗಸರಿಗೆ ಕಲಿಸುತ್ತಾ ಬಂದಿದ್ದಾರೆ, ಎಷ್ಟೋ ವರ್ಷದಿಂದ. ಹೇಗೆ ಕಲಿಸ್ತೀರಿ ಅಂತ ಕೇಳಿದ್ದೇ ತಡ, ಬೆನ್ನು ನೆಟ್ಟಗಾಯಿತು. ಮೊದಲ ದಿನ ಗಾಡಿ ಆನ್ ಮಾಡೋ ಹಾಗೇ ಇಲ್ಲವಂತೆ. ಸೀಟಿನ ಮೇಲೆ ಕೂತು ಕಾಲಲ್ಲಿ ನೆಲ ತಳ್ಳುತ್ತಾ ಹೋಗಬೇಕು, ಬ್ರೇಕ್ ಹಿಡಿದು ನಿಲ್ಲಿಸಬೇಕು, ಅಷ್ಟೇ. ನಿಲ್ಲಿಸೋದು ಕೈಗೆ ಬಂದ ಮೇಲೆ ಓಡಿಸೋದು. ಸೀರೆ ಉಟ್ಟವರಿಗೆ ನೆರಿಗೆಗೆ ಪಿನ್ನು, ಸೆರಗು ಸೊಂಟಕ್ಕೆ, ವೇಲ್ ಇದ್ದರೆ ಹಿಂದೆ ಗಂಟು. ತಿರುವಿನಲ್ಲಿ ಹೆದರಿ ಆಕ್ಸಿಲರೇಟರ್ ಜಾಸ್ತಿ ಮಾಡುವವರು ಯಾರು, ಹೆದರಿ ಎರಡೂ ಕಾಲು ಕೆಳಗೆ ಬಿಡುವವರು ಯಾರು ಅಂತ ಎರಡನೇ ದಿನಕ್ಕೇ ಗೊತ್ತಾಗುತ್ತಂತೆ. ಇಬ್ಬರಿಗೂ ಬೇರೆ ಬೇರೆ ಪಾಠ. ಹೇಳುತ್ತಾ ಹೇಳುತ್ತಾ ಅವರ ಬಲಗೈ ನನ್ನ ಮೇಜಿನ ಅಂಚು ಹಿಡಿದು ತಿರುಗಿಸುತ್ತಿತ್ತು. ಹತ್ತು ನಿಮಿಷದ ಹಿಂದೆ ತನಗೆ ಏನೂ ಬರಲ್ಲ ಅಂದಿದ್ದು ಇವರೇ!

ದುಡ್ಡು? ಯಾರೂ ಕೊಟ್ಟಿಲ್ಲ, ಇವರು ಕೇಳಿಲ್ಲ. ಕಲಿತವರು ಅರಿಶಿನ ಕುಂಕುಮ, ಕಾಯಿ, ಕುಬುಸದ ಕಣ ಕೊಟ್ಟು ಕಳಿಸುತ್ತಾರೆ.

ಏನು ಆಸೆ ಅಂದಾಗ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. "ನನ್ನ ಹೆಸರಿನ ಬೋರ್ಡು. ಹೆಂಗಸರಿಗೆ ಹೆಂಗಸೇ ಕಲಿಸೋ ಡ್ರೈವಿಂಗ್ ಸ್ಕೂಲು."

ಚಿತ್ರದುರ್ಗ ಪಕ್ಕದಲ್ಲೇ ಇರುವುದರಿಂದ ನಮ್ಮ ಕಡೆ ಮಹಿಳಾ ದಿನದ ಭಾಷಣ ಓಬವ್ವನ ಹೆಸರಿಲ್ಲದೆ ಮುಗಿಯುವುದಿಲ್ಲ. ಓಬವ್ವನ ಮೇಲೆ ನನಗೂ ಅಪಾರ ಅಭಿಮಾನ. ಆದರೆ ತನ್ನಲ್ಲಿ ಏನೂ ಇಲ್ಲ ಅಂದುಕೊಂಡಿರುವ ಹೆಂಗಸಿಗೆ ಕೋಟೆ ಕಾಯ್ದವಳ ಕಥೆ ಹೇಳಿದರೆ ಅವಳು ಇನ್ನಷ್ಟು ಕುಗ್ಗುತ್ತಾಳೆ, ಇದನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಗಿರಿಜಾ ಅವರಿಗೆ ಒಂದು ನೋಟ್‌ಬುಕ್ ಕೊಟ್ಟೆ. ಇಲ್ಲಿಯವರೆಗೆ ಯಾರ್ಯಾರಿಗೆ ಕಲಿಸಿದ್ದೀರಿ, ಅವರು ಈಗ ಗಾಡಿ ತಗೊಂಡು ಎಲ್ಲಿಗೆ ಹೋಗುತ್ತಾರೆ, ಬರೆದುಕೊಂಡು ಬನ್ನಿ ಅಂದೆ. ಎರಡು ಪುಟ ತುಂಬಿಸಿಕೊಂಡು ಬಂದರು. ಒಬ್ಬರು ಪಕ್ಕದ ಹಳ್ಳಿಯ ಅಂಗನವಾಡಿಗೆ ಹೋಗಿಬರುತ್ತಾರೆ. ಒಬ್ಬರು ಬೆಳಿಗ್ಗೆ ರೊಟ್ಟಿ ಬಡಿದು ಹಾಸ್ಟೆಲ್‌ಗಳಿಗೆ ಮುಟ್ಟಿಸುತ್ತಾರೆ. ಇನ್ನೊಬ್ಬರು ತಾಯಿಯನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಾರೆ. "ಇದನ್ನೆಲ್ಲ ಒಂದೇ ಕಡೆ ನೋಡಿರಲಿಲ್ಲ ಮೇಡಂ" ಅಂದರು.

ನಾನು ಕೊಟ್ಟ ಮುಖ್ಯ ಸಲಹೆ ಇಷ್ಟು: ಧೈರ್ಯ ಬಂದ ಮೇಲೆ ಹೆಜ್ಜೆ ಇಡುತ್ತೇನೆ ಅಂತ ಕಾಯಬೇಡಿ, ಅದು ಕಾಯುತ್ತಾ ಕೂತರೆ ಬರುವುದಿಲ್ಲ. ಚಿಕ್ಕದೊಂದು ಕೆಲಸ ಮಾಡಿ ಮುಗಿಸಿದ ಮೇಲೆ ಬರುತ್ತೆ. ಮತ್ತೆ, ನೀವು ಯಾರು ಅಂತ ಮನೆಯವರು ಮೊದಲು ಒಪ್ಪಲಿ ಅಂತಲೂ ಕಾಯಬೇಡಿ. ಕಲಿಸುವವರು ನೀವು. ಅದು ಆಗಲೇ ನಿಜ, ಅಲ್ವಾ?

ಗಂಡನ ಹತ್ತಿರ ಮಾತಾಡುವುದನ್ನು ನನ್ನ ಕೋಣೆಯಲ್ಲೇ ಅಭ್ಯಾಸ ಮಾಡಿಸಿದೆ. ಅವರು ಊಟಕ್ಕೆ ಕೂತಾಗ, ಸಾರು ಬಡಿಸುತ್ತಾ, ಮೆತ್ತಗೆ ಕೇಳಿ, ಉತ್ತರ ಬರುವ ಮೊದಲೇ "ಬೇಡ ಬಿಡಿ" ಅನ್ನುವುದು ಇವರ ಅಭ್ಯಾಸ. ಗಂಡನ ಜಾಗದಲ್ಲಿ ನಾನು ಕೂತೆ. ಮೊದಲೆಲ್ಲ ಪ್ರತಿ ಸಲವೂ "ನಿಮಗೆ ಬೇಡ ಅನ್ಸಿದ್ರೆ ಬಿಡ್ತೀನಿ" ಅಂತಲೇ ಮುಗಿಸುತ್ತಿದ್ದರು. ಕೊನೆಯ ವಾಕ್ಯ ಕಿತ್ತು ಹಾಕಿ, ಹೇಳಬೇಕಾದ್ದು ಹೇಳಿ ಸುಮ್ಮನಿರಿ, ಅವರ ಉತ್ತರವನ್ನೂ ನೀವೇ ಹೇಳಬೇಡಿ ಅಂದೆ. ಬಹಳ ಕಷ್ಟಪಟ್ಟರು. ಕೊನೆಗೆ ಬಂತು.

ಮುಂದಿನ ಭೇಟಿಗೆ ಗಂಡನೂ ಬಂದರು. ಕೆಟ್ಟ ಮನುಷ್ಯ ಅಲ್ಲ. "ಬೇಡ ಅಂತ ನಾನೆಲ್ಲಿ ಅಂದೆ ಮೇಡಂ? ಯಾರಾದ್ರೂ ಬಿದ್ದು ಕೈಕಾಲು ಮುರ್ಕೊಂಡ್ರೆ ಯಾರ್ರಿ ಜವಾಬ್ದಾರಿ? ನಾಲ್ಕು ಜನ ಏನಂತಾರೆ?"

ಎರಡು ಪ್ರಶ್ನೆಗಳನ್ನೂ ಬೇರೆ ಬೇರೆ ಮಾಡಿದೆ. ಆ ನಾಲ್ಕು ಜನರ ಹೆಸರು ಹೇಳಿ ಅಂದಾಗ ಅಣ್ಣನ ಹೆಸರು ಹೇಳಿ, ಮುಂದೆ ಯಾರೂ ಸಿಗದೆ ನಿಂತರು. ಆದರೆ ಮೊದಲ ಪ್ರಶ್ನೆ ಸರಿಯಾದದ್ದು. ಹೆಂಡತಿಯ ಕನಸಿಗೆ ಅಡ್ಡಿ ಅಂತ ಅದನ್ನು ತಳ್ಳಿಹಾಕುವ ಹಾಗಿರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ದುಡ್ಡು ತಗೊಂಡು ಡ್ರೈವಿಂಗ್ ಸ್ಕೂಲ್ ನಡೆಸಲು ಲೈಸೆನ್ಸ್ ಬೇಕು. ಹಾಗಾಗಿ ಫೀಸಿನ ಮಾತು ಸದ್ಯಕ್ಕೆ ಬೇಡ, ಆರ್‌ಟಿಒ ಕಚೇರಿಗೆ ನೀವೇ ಹೋಗಿ ಪೂರ್ತಿ ವಿಚಾರಿಸಿ ಬನ್ನಿ ಅಂತ ಗಿರಿಜಾ ಅವರಿಗೆ ಹೇಳಿದೆ. ಗಂಡ ತಾನು ಹೋಗಿ ಬರುತ್ತೇನೆ ಅಂದರು. ಬೇಡ, ಅವರೇ ಹೋಗಲಿ ಅಂದೆ.

ಅಲ್ಲಿಂದ ಬರೆದುಕೊಂಡು ಬಂದದ್ದು ಅವರದೇ ಕೈಬರಹದಲ್ಲಿ ನೋಟ್‌ಬುಕ್ಕಿನಲ್ಲಿದೆ. ಕಲಿಸುವವರು ಹತ್ತನೇ ತರಗತಿ ಪಾಸಾಗಿರಬೇಕು. ಇವರದು ಪಿಯುಸಿ ಆಗಿದೆ. ಗಾಡಿ ಓಡಿಸಿದ ಅನುಭವ ಕನಿಷ್ಠ 5 ವರ್ಷ, ಅದೂ ಇದೆ. ಮೋಟಾರ್ ಮೆಕ್ಯಾನಿಕ್ಸ್ ಕೋರ್ಸಿನ ಸರ್ಟಿಫಿಕೇಟ್ ಬೇಕು, ಅದಿಲ್ಲ. ಸ್ಕೂಲಿನ ಲೈಸೆನ್ಸ್ ಒಮ್ಮೆ ಸಿಕ್ಕರೆ 5 ವರ್ಷ ನಡೆಯುತ್ತೆ.

"ನನ್ನ ಮಗನ ವಯಸ್ಸಿನ ಹುಡುಗರ ಜೊತೆ ಕೂತು ಸ್ಪ್ಯಾನರ್ ಹಿಡೀಬೇಕಾ ಮೇಡಂ?" ಅಂತ ಅಳುಕಿದರು. ಪೂರ್ತಿ ಸ್ಕೂಲು, ಬೋರ್ಡು, ಬಾಡಿಗೆ ಎಲ್ಲ ಒಟ್ಟಿಗೆ ತೂಗಿ ನೋಡಬೇಡಿ, ಸದ್ಯಕ್ಕೆ ಕೋರ್ಸು ಎಲ್ಲಿದೆ, ಯಾವ ಹೊತ್ತಲ್ಲಿದೆ ಅಷ್ಟೇ ನೋಡಿ ಅಂದೆ. ಬೆಳಗಿನ ಪಾಠಕ್ಕೆ ಎರಡು ನಿಯಮ ಮಾಡಿಕೊಂಡರು: ಎಲ್‌ಎಲ್‌ಆರ್ ಮಾಡಿಸದವರಿಗೆ ಪಾಠ ಇಲ್ಲ, ಹೆಲ್ಮೆಟ್ ಇಲ್ಲದೆ ಗಾಡಿ ಮುಟ್ಟುವ ಹಾಗಿಲ್ಲ. ಗಂಡನ ಭಯ ಇದರಿಂದ ಅರ್ಧ ಇಳಿಯಿತು.

ಈಗ ಕೋರ್ಸಿಗೆ ಅರ್ಜಿ ಹಾಕಿದ್ದಾರೆ. ಫೀಸು ಗೃಹಲಕ್ಷ್ಮಿ ದುಡ್ಡಿನಲ್ಲಿ ಉಳಿಸಿದ್ದು. ಭಾವ ಇನ್ನೂ ಚುಚ್ಚಿ ಮಾತಾಡುತ್ತಾರೆ. ಅತ್ತೆ ಪರವೂ ಇಲ್ಲ, ವಿರೋಧವೂ ಇಲ್ಲ. ನಿದ್ದೆ ಸುಧಾರಿಸಿದೆ, ತಲೆನೋವು ಪೂರ್ತಿ ಹೋಗಿಲ್ಲ. ಹೋಗದಿದ್ದರೆ ಮತ್ತೆ ಡಾಕ್ಟರನ್ನು ಕಾಣಬೇಕು ಅಂತ ಹೇಳಿದ್ದೇನೆ. ಇದನ್ನು ಓದುವವರಲ್ಲಿ ಯಾರಿಗಾದರೂ ಎರಡು ವಾರ ದಾಟಿಯೂ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅನ್ನಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಹಿಳಾ ಸಹಾಯವಾಣಿ 181.

ಗಿರಿಜಾ ಅವರ ಮನೆಯಲ್ಲಿ ಇನ್ನೊಂದು ವಿಷಯ ತೀರ್ಮಾನ ಆಗಬೇಕು. ಕೋರ್ಸು ಶುರುವಾದರೆ ಬೆಳಗಿನ ತಿಂಡಿ ಯಾರು ಮಾಡುತ್ತಾರೆ? ಒಗ್ಗರಣೆ ಮಂಡಕ್ಕಿ ತನಗೆ ಬರುತ್ತೆ ಅಂತ ಗಂಡ ಹೇಳಿದ್ದಾರೆ. ವಾರದಲ್ಲಿ ಯಾವ ಯಾವ ದಿನ ಯಾರ ಸರದಿ ಅಂತ ಇಬ್ಬರೂ ಕೂತು ಬರೆದುಕೊಂಡು ಬನ್ನಿ ಅಂತ ಹೇಳಿ ಕಳಿಸಿದ್ದೇನೆ.