ಹದಿನೇಳು ವರ್ಷದ ಹಸುಗೂಸು: ಒಂದು ಲೇಖನಕ್ಕೆ ಸಂಪಾದಕನ ಉತ್ತರ

ನಮಸ್ಕಾರ ಮೇಡಂ,

ಹಳೆಯ ಅಮೆರಿಕದ ಜಮೀನು ಪತ್ರ, ಉಯಿಲುಗಳಿಂದ ಕುಟುಂಬದ ಸಂಬಂಧ ಪತ್ತೆ ಮಾಡುವುದು ಹೇಗೆ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಹಾಗಂತ ಒಂದು ಸಾಲಿನ ಉತ್ತರ ಬರೆದು ಸುಮ್ಮನಾಗಲೂ ಮನಸ್ಸಿಲ್ಲ. ಹೊಸದಾಗಿ ಬರೆಯುತ್ತಿರುವ ಬೇರೆಯವರೂ ಓದಲಿ ಅಂತ, ನಿಮ್ಮ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಈ ಉತ್ತರವನ್ನು ಪ್ರಕಟಿಸುತ್ತಿದ್ದೇನೆ.

ಲೇಖನದ ಜೊತೆ ನೀವೊಂದು ಚಿಕ್ಕ ಪತ್ರ ಇಟ್ಟಿದ್ದಿರಿ. ವರ್ಜೀನಿಯಾದಲ್ಲಿ ನಿಮ್ಮ ಪಕ್ಕದ ಮನೆಯ ಅಜ್ಜಿಗೆ ಅವರ ಹಿರಿಯರನ್ನು ಹುಡುಕಿಕೊಡಲು ಮೂರು ದಿನ ರಜೆ ಹಾಕಿ, ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕೋರ್ಟಿನ ರೆಕಾರ್ಡ್ ರೂಮಿನಲ್ಲಿ ಕೂತಿದ್ದಿರಂತೆ. ಕೊನೆಗೆ ನಾಲ್ಕು ಕ್ರಯಪತ್ರ ಸಿಕ್ಕವಂತೆ. 1800ರ ಆಸುಪಾಸಿನವು. ನಾಲ್ಕು ಜನ, ಬೇರೆ ಬೇರೆ ವರ್ಷ, ಒಂದೇ ಹೊಲದ ಐದನೇ ಒಂದು ಪಾಲನ್ನು ಮಾರಿದ್ದರಂತೆ. ಇಷ್ಟನ್ನು ಆರು ಸಾಲಿನಲ್ಲಿ ಬರೆದಿದ್ದೀರಿ. ಆ ಆರು ಸಾಲನ್ನು ನಾನು ಲೇಖನಕ್ಕಿಂತ ಜಾಸ್ತಿ ಸಲ ಓದಿದೆ. ಲೇಖನದಲ್ಲಿ ನೋಡಿದರೆ ಅಜ್ಜಿಯೂ ಇಲ್ಲ, ಹೊಲವೂ ಇಲ್ಲ. ಇರುವುದು ಕಾನೂನು ಪದಗಳ ಒಂದು ಉದ್ದ ಪಟ್ಟಿ. ಊಟಕ್ಕೆ ಕರೆದು ಅಂಗಡಿ ಚೀಟಿ ಓದಿ ಹೇಳಿದ ಹಾಗಾಯಿತು.

ನಿಮ್ಮ ಮೊದಲ ಸಾಲು ಹೀಗಿದೆ: ‘ಕ್ರಯಪತ್ರ ಮತ್ತು ಉಯಿಲುಗಳು ಕುಟುಂಬ ಸಂಬಂಧಗಳನ್ನು ದಾಖಲಿಸುತ್ತವೆ.’ ತೊಂದರೆ ಶುರುವಾಗುವುದು ಇಲ್ಲೇ. ಪತ್ರ ಬರೆಸಿದವನಿಗೆ ತನ್ನ ಮಗ ಯಾರು, ಅಳಿಯ ಯಾರು ಅಂತ ಮುಂದಿನವರಿಗೆ ತಿಳಿಸುವ ಆಸೆ ಏನೂ ಇರಲಿಲ್ಲ. ಜಮೀನು ಕೊಂಡವನಿಗೆ ಒಂದು ಭಯ ಇತ್ತು. ನಾಳೆ ಯಾರೋ ಬಂದು ‘ಇದರಲ್ಲಿ ನನ್ನದೂ ಪಾಲಿದೆ’ ಅಂದರೆ ಏನು ಗತಿ? ಹಾಗಾಗಿ ಯಾರ್ಯಾರು ತಕರಾರು ಎತ್ತಬಹುದೋ ಅವರೆಲ್ಲರ ಹೆಸರು ಬರೆಸಿಕೊಂಡ, ಸಹಿ ಹಾಕಿಸಿಕೊಂಡ. ನಮಗೆ ಸಂಬಂಧ ಸಿಗುವುದು ಆ ಭಯದಿಂದ. ಆದ್ದರಿಂದ ಒಂದೊಂದು ಪತ್ರ ವಿವರಿಸುವಾಗಲೂ ಯಾರಿಗೆ ಯಾರ ಭಯ ಇತ್ತು, ಆ ಭಯಕ್ಕೆ ಕಾರಣವಾದ ಕಾನೂನು ಯಾವುದು ಅನ್ನುವುದು ಮೊದಲು ಬರಬೇಕು. ನನ್ನ ದೊಡ್ಡ ತಕರಾರು ಇದೊಂದೇ. ಉಳಿದವೆಲ್ಲ ಇದರ ಮರಿಗಳು.

ಡೋವರ್ ವಿಷಯ ನೋಡಿ. ಇದನ್ನು ನೀವು ‘ವರದಕ್ಷಿಣೆ’ ಅಂತ ಮಾಡಿದ್ದೀರಿ. ವರದಕ್ಷಿಣೆಗೆ ಇಂಗ್ಲಿಷಿನಲ್ಲಿರುವ ‘ಡೌರಿ’ ಕೇಳಲು ಹತ್ತಿರದ ಪದ, ಅರ್ಥ ಪೂರ್ತಿ ಬೇರೆ. ಗಂಡ ಸತ್ತರೆ ಅವನ ಜಮೀನಿನ ಮೂರನೇ ಒಂದು ಭಾಗವನ್ನು ಹೆಂಡತಿ ಬದುಕಿರುವವರೆಗೆ ಅನುಭವಿಸಬಹುದು, ಅದು ಡೋವರ್. ನಮ್ಮವರಿಗೆ ‘ವಿಧವೆಯ ಮೂರನೇ ಪಾಲು’ ಅಂದರೆ ಸಾಕು. ಗಂಡ ಬದುಕಿದ್ದಾಗಲೇ ಜಮೀನು ಮಾರಿದರೂ ಈ ಹಕ್ಕು ಜಮೀನಿಗೆ ಅಂಟಿಕೊಂಡೇ ಇರುತ್ತಿತ್ತು. ಹಾಗಾಗಿ ಕೊಳ್ಳುವವನು ಹೆಂಡತಿಯಿಂದಲೂ ಹಕ್ಕು ಬಿಡುಗಡೆ ಮಾಡಿಸಿಕೊಳ್ಳುತ್ತಿದ್ದ. ನ್ಯಾಯಾಧಿಕಾರಿಗಳು ಅವಳನ್ನು ಗಂಡನಿಂದ ಬೇರೆಯಾಗಿ ಕೂರಿಸಿ, ‘ನಿನ್ನ ಸ್ವಂತ ಇಷ್ಟದಿಂದ ಬಿಡುತ್ತಿದ್ದೀಯಾ, ಗಂಡನ ಹೆದರಿಕೆಯೇನಾದರೂ ಇದೆಯಾ’ ಅಂತ ಕೇಳಬೇಕಿತ್ತು. ಎಂಥ ದೃಶ್ಯ ಇದು! ನೀವು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಆ ಕಾಲದ ಎಷ್ಟೋ ಹೆಂಗಸರ ಹೆಸರು ಇಂಥ ಒಂದು ಕಡೆ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ.

ಜೊತೆಗೆ ಇನ್ನೊಂದು ವಿಷಯ ಸೇರಿಸಿ. ಹೆಂಡತಿ ಬರೀ ಡೋವರ್ ಬಿಟ್ಟುಕೊಟ್ಟಿದ್ದರೆ ಜಮೀನು ಗಂಡನದು. ಅವಳೇ ಮಾರುವವರಲ್ಲಿ ಒಬ್ಬಳಾಗಿ ಸೇರಿದ್ದರೆ, ಜಮೀನು ಅವಳ ತವರಿನಿಂದ ಬಂದಿರಬಹುದು ಅಂತ ಅನುಮಾನಿಸಬೇಕು. ಮೂರು ಬೇರೆ ಬೇರೆ ಮನೆತನದ ಗಂಡಸರು ತಮ್ಮ ಹೆಂಡತಿಯರ ಜೊತೆ ಸೇರಿ ಒಂದೇ ಹೊಲ ಮಾರಿದ್ದಾರೆ ಅನ್ನಿ. ಇಂಗ್ಲಿಷ್‌ನವರು ಇದನ್ನು ವಿವರಿಸಲು ಒಂದು ಪ್ಯಾರಾ ಬರೆಯುತ್ತಾರೆ. ನಮಗೆ ಒಂದೇ ಪದ ಸಾಕು: ಈ ಮೂವರೂ ಬಹುಶಃ ಷಡ್ಡಕರು. ಹೊಲ ಮಾವನದು.

ಇನ್ನು ಹಸುಗೂಸಿನ ವಿಷಯ. ‘ಹದಿನೇಳು ವರ್ಷದ ಹಸುಗೂಸು ತನ್ನ ಗಾರ್ಡಿಯನ್‌ನನ್ನು ತಾನೇ ಆರಿಸಿಕೊಂಡಿತು’ ಅಂತ ಬರೆದಿದ್ದೀರಿ. ನಮ್ಮ ಆಫೀಸಿನಲ್ಲಿ ಎಲ್ಲರೂ ಒಂದು ಸಲ ನಕ್ಕೆವು, ಬೇಜಾರು ಮಾಡಿಕೊಳ್ಳಬೇಡಿ. ಕೋರ್ಟಿನ ‘ಇನ್‌ಫೆಂಟ್’ ಅಂದರೆ 21 ತುಂಬದವನು. ನಾವು ಹೇಳುವುದು ಮೈನರ್. 14 ತುಂಬಿದ ಮೈನರ್ ತನ್ನ ಗಾರ್ಡಿಯನ್‌ನನ್ನು ತಾನೇ ಆರಿಸಬಹುದಿತ್ತು. ಅದಕ್ಕೇ ಆ ದಾಖಲೆಗೆ ಬೆಲೆ, ಹುಡುಗನ ವಯಸ್ಸಿನ ಅಂದಾಜು ಸಿಗುತ್ತದೆ. ‘ಆರ್ಫನ್’ (ಅನಾಥ) ಅನ್ನೂ ತಿದ್ದಿ. ಅಪ್ಪ ಸತ್ತಿದ್ದರೆ ಸಾಕು, ಅಮ್ಮ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದರೂ ಮಗು ಕೋರ್ಟಿನ ಲೆಕ್ಕಕ್ಕೆ ಆರ್ಫನ್.

ಸಂಬಂಧದ ಪದಗಳಲ್ಲಿ ಇನ್ನೂ ದೊಡ್ಡ ಅಪಾಯ ಇದೆ. ಆ ಕಾಲದ ಉಯಿಲಿನಲ್ಲಿ ‘ಸನ್ ಇನ್ ಲಾ’ ಅಂದರೆ ಅಳಿಯನೂ ಆಗಬಹುದು, ಮಲಮಗನೂ ಆಗಬಹುದು. ‘ಮದರ್ ಇನ್ ಲಾ’ ಮಲತಾಯಿ ಆಗಿರಬಹುದು. ‘ಕಸಿನ್’ ಅಂದವನು ಅಣ್ಣನ ಮಗನೋ ಅಕ್ಕನ ಮಗನೋ ಆಗಿರಬಹುದು. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ದೊಡ್ಡವನು ಸೀನಿಯರ್, ಚಿಕ್ಕವನು ಜೂನಿಯರ್. ಅವರು ಅಪ್ಪ ಮಗ ಆಗಿರಲೇಬೇಕು ಅಂತಿಲ್ಲ, ನೆಂಟರೇ ಆಗಿರಬೇಕು ಅಂತಲೂ ಇಲ್ಲ. ನೀವು ಮೂರನೇ ಪುಟದಲ್ಲಿ ಕಟ್ಟಿದ ವಂಶವೃಕ್ಷ ನಿಂತಿರುವುದೇ ಒಬ್ಬ ಜೂನಿಯರ್ ಮೇಲೆ. ಅದು ಬಿದ್ದರೆ ಪುಟವೂ ಬೀಳುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತಪ್ಪು ಕನ್ನಡದಲ್ಲಿ ಬರೆಯುವವರು ಮಾತ್ರ ಮಾಡಬಹುದಾದದ್ದು. ಉಯಿಲಿನಲ್ಲಿ ‘ಬ್ರದರ್’ ಅಂತಿದೆ, ನೀವು ‘ತಮ್ಮ’ ಅಂದಿರಿ. ‘ಅಂಕಲ್’ ಅಂತಿದೆ, ‘ಚಿಕ್ಕಪ್ಪ’ ಅಂದಿರಿ. ಯಾರು ಹೇಳಿದರು ಅವನು ಚಿಕ್ಕವನು ಅಂತ? ಅಪ್ಪನ ಕಡೆಯವನು ಅಂತ? ಸೋದರಮಾವ ಆಗಿದ್ದರೆ? ನಮ್ಮ ಭಾಷೆ ಹಿರಿಯನೋ ಕಿರಿಯನೋ, ಅಪ್ಪನ ಕಡೆಯೋ ಅಮ್ಮನ ಕಡೆಯೋ ಅಂತ ಹೇಳದೆ ಮುಂದೆ ಹೋಗಲು ಬಿಡುವುದಿಲ್ಲ. ಇಂಗ್ಲಿಷ್ ಪತ್ರ ಅದನ್ನು ಹೇಳುವುದೇ ಇಲ್ಲ. ಬೇರೆ ಲೇಖನದಲ್ಲಾದರೆ ಪರವಾಗಿಲ್ಲ ಅನ್ನಬಹುದಿತ್ತು. ಸಂಬಂಧ ಪತ್ತೆ ಮಾಡುವ ಲೇಖನದಲ್ಲಿ ಇಲ್ಲದ ಸಾಕ್ಷ್ಯ ಹುಟ್ಟಿಸಿದ ಹಾಗಾಗುತ್ತದೆ. ಗೊತ್ತಿಲ್ಲದ ಕಡೆ ‘ಅಣ್ಣನೋ ತಮ್ಮನೋ’ ಅಂತ ಬರೆಯಿರಿ. ಅಂಕಲ್ ಅನ್ನು ಅಂಕಲ್ ಅಂತಲೇ ಬಿಡಿ. ಈಗ ಹಳ್ಳಿಯಲ್ಲೂ ಎಲ್ಲರೂ ಅಂಕಲ್‌ಗಳೇ.

ಇಷ್ಟೆಲ್ಲ ಕಷ್ಟಪಟ್ಟು ಜಮೀನು ಪತ್ರಗಳನ್ನೇ ಯಾಕೆ ಹಿಡಿಯಬೇಕು? ಇದನ್ನು ನೀವು ಹೇಳದೆ ಮುಂದೆ ಹೋಗಿದ್ದೀರಿ. ಎರಡು ಸಾಲು ಸಾಕು. ಅಮೆರಿಕದ ಜನಗಣತಿ 1790ರಲ್ಲಿ ಶುರುವಾದರೂ 1840ರವರೆಗೆ ಮನೆ ಯಜಮಾನರ ಹೆಸರು ಮಾತ್ರ ಬರೆದುಕೊಂಡರು, ಉಳಿದವರು ಬರೀ ಸಂಖ್ಯೆ. ಗುಲಾಮರಲ್ಲದ ಎಲ್ಲರ ಹೆಸರು ಬಂದದ್ದು 1850ರಲ್ಲಿ, ಯಜಮಾನನಿಗೆ ಏನಾಗಬೇಕು ಅನ್ನುವ ಕಾಲಂ ಬಂದದ್ದು 1880ರಲ್ಲಿ. ಸೌತ್ ಕ್ಯಾರೊಲೈನಾ ರಾಜ್ಯ ಮದುವೆ ಲೈಸೆನ್ಸ್ ಕೊಡಲು ಶುರು ಮಾಡಿದ್ದು 1911ರಲ್ಲಿ. ಅದಕ್ಕೂ ಹಿಂದಿನವರನ್ನು ಹುಡುಕುವವರು ಹೊಲದ ದಾರಿಯಲ್ಲೇ ಹೋಗಬೇಕು, ಅಲ್ವಾ?

ಕಾನೂನು ಗೊತ್ತಿಲ್ಲದೆ ಉಯಿಲು ಓದಿದರೆ ಏನಾಗುತ್ತದೆ ಅನ್ನುವುದಕ್ಕೆ ನಿಮ್ಮ ಲೇಖನದಲ್ಲೇ ಉದಾಹರಣೆ ಇದೆ. ‘ಉಯಿಲಿನಲ್ಲಿ ಹೆಸರಿಲ್ಲದ ಮಗ ಅಪ್ಪನಿಗಿಂತ ಮೊದಲೇ ಸತ್ತಿರಬೇಕು, ಒಂದು ಷಿಲಿಂಗ್ ಪಡೆದ ಮಗ ಮನೆ ಬಿಟ್ಟು ಓಡಿಹೋದವನು’ ಅಂತ ಬರೆದಿದ್ದೀರಿ. ಎರಡೂ ಅವಸರದ ಮಾತು. ಒಂದು ಷಿಲಿಂಗ್, ಅಂದರೆ ಒಂದು ಸಣ್ಣ ನಾಣ್ಯ, ಪಡೆದವನಿಗೆ ಮದುವೆಯ ಹೊತ್ತಿಗೇ ಪಾಲು ಕೊಟ್ಟಿರಬಹುದು. ಅವನನ್ನು ಮರೆತಿಲ್ಲ ಅಂತ ತೋರಿಸಲು ಆ ಷಿಲಿಂಗ್. ಹೆಸರೇ ಇಲ್ಲದವನು ಹಿರಿಮಗನೂ ಆಗಿರಬಹುದು. ವರ್ಜೀನಿಯಾದಲ್ಲಿ ಅಪ್ಪ ಉಯಿಲಿನಲ್ಲಿ ಹೇಳದೆ ಬಿಟ್ಟ ಜಮೀನು ಕಾನೂನಿನ ಪ್ರಕಾರ ಪೂರ್ತಿ ಹಿರಿಮಗನಿಗೇ ಹೋಗುತ್ತಿತ್ತು. ತಾನಾಗಿಯೇ ಸಿಗುವುದನ್ನು ಬರೆಯಬೇಕಿಲ್ಲವಲ್ಲ. ಈ ಕಾನೂನನ್ನು 1785ರಲ್ಲಿ ಬದಲಾಯಿಸಿ ಎಲ್ಲ ಮಕ್ಕಳಿಗೂ ಸಮಪಾಲು ಮಾಡಿದರು, ಬದಲಾವಣೆ ಜಾರಿಗೆ ಬಂದದ್ದು 1787ರ ಜನವರಿ 1ಕ್ಕೆ.

ಆ ಒಂದು ತಾರೀಕು ಏನು ಮಾಡಿತು ನೋಡಿ. ಅಧ್ಯಕ್ಷ ಅಬ್ರಹಾಂ ಲಿಂಕನ್ನರ ತಾತನ ಹೆಸರೂ ಅಬ್ರಹಾಂ. 1786ರಲ್ಲಿ ಕೆಂಟಕಿಯಲ್ಲಿ, ತನ್ನ ಹೊಲದಲ್ಲೇ, ಮೂಲನಿವಾಸಿಗಳ ದಾಳಿಯಲ್ಲಿ ಸತ್ತರು. ಕೆಂಟಕಿ ಆಗ ವರ್ಜೀನಿಯಾಕ್ಕೆ ಸೇರಿತ್ತು. ಮೂವರು ಗಂಡುಮಕ್ಕಳು: ಮಾರ್ಡಕೈ, ಜೋಸಾಯ, ಥಾಮಸ್. ಹೊಸ ಕಾನೂನು ಪಾಸಾಗಿತ್ತು, ಜಾರಿಗೆ ಬಂದಿರಲಿಲ್ಲ. ಜಮೀನೆಲ್ಲ ಹಿರಿಯ ಮಾರ್ಡಕೈಗೆ ಹೋಯಿತು. ಕೊನೆಯವನಾದ ಥಾಮಸ್ ಕೂಲಿ ಮಾಡಿಕೊಂಡು ಬೆಳೆದ. ಮುಂದೆ ಥಾಮಸ್ ಸ್ವಂತ ದುಡ್ಡಿನಲ್ಲಿ ಜಮೀನು ಕೊಂಡರೂ ಕೆಂಟಕಿಯಲ್ಲಿ ಹಕ್ಕುಪತ್ರಗಳ ಗೋಜಲು ಬಿಡಲಿಲ್ಲ. 1816ರಲ್ಲಿ ಏಳು ವರ್ಷದ ಮಗ ಅಬ್ರಹಾಂನನ್ನು ಕರೆದುಕೊಂಡು ಇಂಡಿಯಾನಾಕ್ಕೆ ಹೋದ. ಅಲ್ಲಿ ಸರ್ಕಾರವೇ ಚೌಕಚೌಕವಾಗಿ ಅಳೆದು ಮಾರುತ್ತಿದ್ದ ನೆಲ ಇತ್ತು. ಅಧ್ಯಕ್ಷರೇ ಮುಂದೆ ಬರೆದಿದ್ದಾರೆ, ಕೆಂಟಕಿ ಬಿಡಲು ಗುಲಾಮಗಿರಿಯೂ ಸ್ವಲ್ಪ ಕಾರಣ, ಮುಖ್ಯ ಕಾರಣ ಜಮೀನು ಹಕ್ಕಿನ ತಾಪತ್ರಯ ಅಂತ. ‘ಪ್ರೈಮೋಜೆನಿಚರ್ ಪದ್ಧತಿ ರೂಢಿಯಲ್ಲಿತ್ತು’ (ಅಂದರೆ ಜಮೀನೆಲ್ಲ ಹಿರಿಮಗನಿಗೆ) ಎಂಬ ನಿಮ್ಮ ಸಾಲಿನ ಜಾಗದಲ್ಲಿ ಈ ಕಥೆ ಇದ್ದರೆ ಓದುವವರು ಮರೆಯುವುದಿಲ್ಲ.

ವರ್ಜೀನಿಯಾದ ಮಾತು ಎಲ್ಲ ಕಡೆಗೂ ಹೊಂದುವುದಿಲ್ಲ. ವಸಾಹತು ಕಾಲದ ಮ್ಯಾಸಚೂಸೆಟ್ಸ್‌ನಲ್ಲಿ ಉಯಿಲು ಇಲ್ಲದಿದ್ದರೆ ಹಿರಿಮಗನಿಗೆ ಎರಡು ಪಾಲು, ಉಳಿದವರಿಗೆ ಒಂದೊಂದು. ಅಲ್ಲಿ ಐದು ಮಕ್ಕಳಿದ್ದರೆ ಆಸ್ತಿ ಆರು ಪಾಲಾಗುತ್ತಿತ್ತು. ಲೆಕ್ಕ ತಪ್ಪಿದರೆ ಇಲ್ಲದ ಆರನೇ ಮಗುವನ್ನು ಹುಡುಕುತ್ತಾ ವರ್ಷ ಕಳೆಯಬೇಕಾಗುತ್ತದೆ.

ಈಗ ಒಂದು ಕಟುವಾದ ಮಾತು. ನಿಮ್ಮ ಲೇಖನದಲ್ಲಿ ಗುಲಾಮರಾಗಿದ್ದವರು ಒಬ್ಬರೂ ಇಲ್ಲ. ನೀವು ಕೂತು ಓದಿದ ಆ ಪುಸ್ತಕಗಳಲ್ಲೇ ಅವರಿದ್ದಾರೆ. ಹಾಸಿಗೆ, ಹಸು, ತಾಮ್ರದ ಕೊಪ್ಪರಿಗೆಗಳ ನಡುವೆ ಒಬ್ಬ ತಾಯಿ, ಅವಳ ಮಗು. ವರ್ಜೀನಿಯಾದ 1662ರ ಕಾನೂನಿನಂತೆ ತಾಯಿ ಗುಲಾಮಳಾದರೆ ಮಗುವೂ ಗುಲಾಮ. ಹಾಗಾಗಿ ಉಯಿಲುಗಳಲ್ಲಿ ತಾಯಿಯನ್ನೂ ‘ಅವಳಿಗೆ ಮುಂದೆ ಹುಟ್ಟುವ ಮಕ್ಕಳನ್ನೂ’ ಸೇರಿಸಿ ಕೊಟ್ಟರು. ಅವರಲ್ಲಿ ಹೆಚ್ಚಿನವರ ಹೆಸರು ಜನಗಣತಿಗೆ ಬಂದದ್ದೇ 1870ರಲ್ಲಿ. ಅದಕ್ಕಿಂತ ಹಿಂದೆ ಹೋಗಬೇಕಾದರೆ ಮಾಲೀಕನ ಉಯಿಲನ್ನೇ ಓದಬೇಕು.

ಡೋವರ್ ಇಲ್ಲೂ ಬರುತ್ತದೆ. ಜಾರ್ಜ್ ವಾಷಿಂಗ್ಟನ್ ಮದುವೆಯಾದ ಮಾರ್ಥಾ ಒಬ್ಬ ಶ್ರೀಮಂತನ ವಿಧವೆ. ಮೊದಲ ಗಂಡ 1757ರಲ್ಲಿ ಉಯಿಲು ಬರೆಯದೆ ಸತ್ತಿದ್ದ. ಅವನ ಆಸ್ತಿಯ ಮೂರನೇ ಒಂದು ಭಾಗ, ಗುಲಾಮರೂ ಸೇರಿ, ಅವಳು ಬದುಕಿರುವವರೆಗೆ ಅವಳದು. 1799ರ ಉಯಿಲಿನಲ್ಲಿ ವಾಷಿಂಗ್ಟನ್ ತನ್ನದೇ ಆದ 123 ಜನರ ಬಿಡುಗಡೆಗೆ ಬರೆದಿಟ್ಟರು. ಡೋವರ್ ಪಾಲಿನ 153 ಜನರನ್ನು ಬಿಡಲು ಅವರಿಗೆ ಹಕ್ಕಿರಲಿಲ್ಲ. ಅಷ್ಟರಲ್ಲಿ ಈ ಎರಡು ಗುಂಪಿನವರು ಒಬ್ಬರನ್ನೊಬ್ಬರು ಮದುವೆಯಾಗಿದ್ದರು. ಗಂಡ ಬಿಡುಗಡೆಯಾದ, ಹೆಂಡತಿ ಮಕ್ಕಳು ಆಗಲಿಲ್ಲ. 1802ರಲ್ಲಿ ಮಾರ್ಥಾ ಸತ್ತ ಮೇಲೆ ಡೋವರ್ ಪಾಲಿನವರನ್ನು ಅವಳ ನಾಲ್ಕು ಮೊಮ್ಮಕ್ಕಳ ನಡುವೆ ಹಂಚಿದರು. ‘ವರದಕ್ಷಿಣೆ’ ಅಂದುಬಿಟ್ಟರೆ ಇದೆಲ್ಲ ಓದುಗರಿಗೆ ಅರ್ಥವಾಗುವುದಾದರೂ ಹೇಗೆ?

ಸಣ್ಣ ತಿದ್ದುಪಡಿಗಳು. ನೀವು ಎರಡು ಪತ್ರಗಳ ಸಹಿ ಹೋಲಿಸಿ ‘ಇಬ್ಬರೂ ಒಬ್ಬನೇ’ ಅಂದಿದ್ದೀರಿ. ಕೋರ್ಟಿನ ಪುಸ್ತಕದಲ್ಲಿರುವುದು ಗುಮಾಸ್ತ ಮಾಡಿದ ನಕಲು, ಎಲ್ಲ ಸಹಿಯೂ ಅವನ ಕೈಬರಹವೇ. ಪತ್ರ ನೋಂದಣಿಯಾದ ದಿನ ಮಾರಿದವನು ಬದುಕಿದ್ದ ಅಂತಲೂ ಹೇಳಬೇಡಿ. ಪತ್ರವನ್ನು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟು, ಮತ್ತೆ ಮಾರುವಾಗ ನೋಂದಣಿ ಮಾಡಿಸಿದವರು ಬೇಕಾದಷ್ಟು ಜನ. ಹಿರಿಯರನ್ನು ಹುಡುಕಲು ಹಳೆಯ ದಾಖಲೆ ಇಟ್ಟಿರುವ ಫ್ಯಾಮಿಲಿಸರ್ಚ್ ವೆಬ್‌ಸೈಟಿನಲ್ಲಿ ಲಾಗಿನ್ ಆಗುವುದು ಹೇಗೆ ಎಂಬ ಒಂದೂವರೆ ಪುಟ ತೆಗೆಯಿರಿ. 2024ರಿಂದ ಅಲ್ಲಿ ಕೈಬರಹದ ಜಮೀನು ಪತ್ರ, ಉಯಿಲುಗಳ ಒಳಗೇ ಹೆಸರು ಹುಡುಕಬಹುದು. ಅಷ್ಟು ಹೇಳಿದರೆ ಸಾಕು.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಮೀಟ್ಸ್ ಅಂಡ್ ಬೌಂಡ್ಸ್’ ಅಂತ ಒದ್ದಾಡುವ ಬದಲು ‘ಅವರ ಚಕ್ಕುಬಂದಿ’ ಅನ್ನಿ. ವ್ಯತ್ಯಾಸ ಒಂದು ಸಾಲಿನಲ್ಲಿ ಹೇಳಿ: ನಮ್ಮದು ನಾಲ್ಕು ದಿಕ್ಕು, ಅವರದು ಬಿಳಿ ಓಕ್ ಮರದಿಂದ ಹೊರಟು, ಹಳ್ಳ ದಾಟಿ, ಪಕ್ಕದವನ ಮೂಲೆ ಮುಟ್ಟಿ, ಮತ್ತೆ ಓಕ್ ಮರಕ್ಕೆ ಬರುವ ನಡಿಗೆ. ಆ ಪಕ್ಕದವನ ಹೆಸರು ಬರೆದಿಟ್ಟುಕೊಳ್ಳಿ, ಎಷ್ಟೋ ಸಲ ಅವನೇ ಬೀಗ. ಅವರ ಅಳತೆಯ ಸರಪಳಿ 66 ಅಡಿ. ಅದರ ಅರ್ಧ 33. 33ಕ್ಕೆ 33 ಅಡಿ ಅಂದರೆ ನಮ್ಮ ಒಂದು ಗುಂಟೆ. ನನಗಂತೂ ಇದು ಖುಷಿ ಕೊಟ್ಟಿತು. ನೀವು ಬೇಕಾದರೆ ಹಾಕಿ, ಬೇಡದಿದ್ದರೆ ಬಿಡಿ.

ಮತ್ತೆ ಬರೆಯುವಾಗ ಆ ಅಜ್ಜಿಯಿಂದ ಶುರು ಮಾಡಿ. ನಾಲ್ಕು ಪತ್ರಗಳನ್ನು ನಿಮಗೆ ಸಿಕ್ಕ ಕ್ರಮದಲ್ಲೇ ಬಿಚ್ಚಿ. ತಪ್ಪು ದಾರಿ ಹಿಡಿದಿದ್ದರೆ ಅದನ್ನೂ ಹೇಳಿ. ಪದಗಳ ವಿವರಣೆ ಆಯಾ ಪತ್ರದ ಜೊತೆಗೇ ಬರಲಿ. ಎರಡು ಸಾವಿರ ಪದ ಮೀರಬೇಡಿ.

ಒಂದು ಪ್ರಶ್ನೆ ಮಾತ್ರ ಉಳಿಯಿತು. ನಾಲ್ವರು ಐದನೇ ಒಂದು ಪಾಲು ಮಾರಿದರು. ಐದನೆಯವರು? ಮಾರಲೇ ಇಲ್ಲವೇ? ಅಥವಾ ಮೊದಲೇ ತೀರಿಕೊಂಡು ಅವರ ಮಕ್ಕಳು ಮಾರಿದರೇ? ಮೂರು ಮಕ್ಕಳಿದ್ದರೆ ಪತ್ರದಲ್ಲಿ ‘ಹದಿನೈದನೇ ಒಂದು ಪಾಲು’ ಅಂತ ಇರಬೇಕು, ನೀವು ಅದನ್ನು ಬೇರೆ ಯಾವುದೋ ಹೊಲ ಅಂದುಕೊಂಡು ಪುಟ ತಿರುಗಿಸಿರಬಹುದು. ವರ್ಜೀನಿಯಾದ ಭೂಕಂದಾಯದ ಪುಸ್ತಕಗಳು 1782ರಿಂದ ಇವೆ. ಆ ಹೊಲದ ಉಳಿದ ಭಾಗಕ್ಕೆ ಯಾರ ಹೆಸರಲ್ಲಿ ಕಂದಾಯ ಕಟ್ಟಿದ್ದಾರೆ ನೋಡಿ. ಸಿಕ್ಕಿದರೆ ಲೇಖನ ಮುಗಿಯುವವರೆಗೆ ಕಾಯಬೇಡಿ, ಅವತ್ತೇ ನನಗೊಂದು ಮೆಸೇಜ್ ಹಾಕಿ.