ಗಾಜಿಗಂಟಿದ ಫೋಟೋ, ಪೌತಿ ಖಾತೆಯ ಹೆಂಗಸು

ಪ್ರಶ್ನೆ: ಅಜ್ಜಿ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಕಟ್ಟು ಹಾಕಿಸಿದ ಒಂದು ಫೋಟೋ ಸಿಕ್ಕಿತು. ಪೇಟ ಸುತ್ತಿದ ಗಂಡಸು ಕುರ್ಚಿಯಲ್ಲಿ ಕೂತಿದ್ದಾರೆ. ಪಕ್ಕದಲ್ಲಿ ನಿಂತ ಹೆಂಗಸಿನ ಕಂಕುಳಲ್ಲಿ ಮಗು. ಹಿಂದಿನ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ 'ಧಾತು ಸಂ॥ ಮಾಘ ಶು॥' ಅಂತಷ್ಟೇ ಇದೆ. ಆ ಮಗುವೇ ಅಜ್ಜಿ ಅಂತಾರೆ ಅಮ್ಮ. ಹೆಂಗಸಿನ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಫೋಟೋ ಗಾಜಿಗೆ ಅಂಟಿಬಿಟ್ಟಿದೆ. ಬಿಡಿಸುವುದು ಹೇಗೆ? ಹೆಸರು ಹುಡುಕುವುದು ಹೇಗೆ?
— ಓದುಗಿ, ತಿಪಟೂರು

ಉತ್ತರ: ಬಿಡಿಸಲೇಬೇಡಿ. ನಾನು ಬಿಡಿಸಿ ಕೆಟ್ಟವನು. ನಮ್ಮ ಸೋದರತ್ತೆಯ ಮದುವೆ ಫೋಟೋವನ್ನು ಹೀಗೇ ಬ್ಲೇಡು ತೂರಿಸಿ ಎಬ್ಬಿಸಿದ್ದೆ. ಕಾಗದ ಕೈಗೆ ಬಂತು, ಅತ್ತೆಯ ಮುಖ ಗಾಜಿನಲ್ಲೇ ಉಳಿಯಿತು. ಆ ಕಾಲದ ಫೋಟೋದಲ್ಲಿ ಚಿತ್ರ ಇರುವುದು ಕಾಗದದಲ್ಲಲ್ಲ, ಅದರ ಮೇಲಿನ ತೆಳು ಜೆಲಟಿನ್ ಪೊರೆಯಲ್ಲಿ. ಮಳೆಗಾಲದ ತೇವಕ್ಕೆ ಅದು ಮೆತ್ತಗಾಗಿ ಗಾಜನ್ನು ಹಿಡಿದುಕೊಳ್ಳುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ, 600 ಡಿಪಿಐ ಸಾಕು. ಕಟ್ಟಿನ ಮರ ಬಿಚ್ಚಿದಾಗ ರಟ್ಟಿನ ಕೆಳ ಅಂಚು ನೋಡಿ. ಸ್ಟುಡಿಯೋ ಹೆಸರು, ಊರು ಅಲ್ಲಿ ಒತ್ತಿರುತ್ತದೆ. ಎಷ್ಟೋ ಸಲ ಮರದ ಚೌಕಟ್ಟೇ ಅದನ್ನು ಮುಚ್ಚಿರುತ್ತದೆ.

ಇನ್ನು ಆ ಪೆನ್ಸಿಲಿನ ಬರಹ. ಅದೊಂದು ಸಿಕ್ಕಿದ್ದು ನಿಮ್ಮ ಪುಣ್ಯ. ಧಾತು ಸಂವತ್ಸರ 60 ವರ್ಷಕ್ಕೊಮ್ಮೆ ಬರುತ್ತದೆ: 1876–77, 1936–37, 1996–97. ನಿಮ್ಮದು ನಡುವಿನದು, ಅಲ್ವಾ? ಆದರೆ 1936 ಅಂತ ಬರೆದುಕೊಳ್ಳಬೇಡಿ. ಸಂವತ್ಸರ ಶುರುವಾಗುವುದು ಯುಗಾದಿಗೆ, ಮಾಘ ಹನ್ನೊಂದನೇ ತಿಂಗಳು. ಅಷ್ಟು ಹೊತ್ತಿಗೆ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ. ಹಾಗಾಗಿ ಅದು 1937ರ ಫೆಬ್ರವರಿ. ಅಜ್ಜಿಯ ವಯಸ್ಸಿನ ಜೊತೆ ತಾಳೆ ನೋಡಿ. ಶಾಲೆಯ ದಾಖಲೆಯಲ್ಲಿ ಜೂನ್ 1 ಅಂತಿದ್ದರೆ ಮಾತ್ರ ನಂಬಬೇಡಿ, ಅದು ಹೆಡ್‌ಮಾಸ್ತರರು ಕೊಟ್ಟ ಹುಟ್ಟುಹಬ್ಬ.

ಹೆಸರಿಗೆ ಬರೋಣ. ನೀವು ತಿಪಟೂರಿನಲ್ಲಿ ಹುಡುಕಿದರೆ ಸಿಗುವುದು ಅಜ್ಜನ ಕಡೆಯವರು. ಮಗು ಅಜ್ಜಿಯಾದರೆ ಆ ಗಂಡ ಹೆಂಡತಿ ಅಜ್ಜಿಯ ತವರಿನವರು. ಮೊದಲು ತವರೂರಿನ ಹೆಸರು, ಅದು ಯಾವ ತಾಲ್ಲೂಕು ಅನ್ನೋದನ್ನು ಗಟ್ಟಿ ಮಾಡಿಕೊಳ್ಳಿ. ಆಮೇಲೆ ಅಲ್ಲಿನ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋಗಿ.

ಅಂಥದೊಂದು ರೂಮಿನಲ್ಲಿ ನಾನು 31 ವರ್ಷ ಧೂಳು ಕುಡಿದವನು. ನನ್ನ ಅನುಭವದಲ್ಲಿ ಹೇಳುವುದಾದರೆ, ಹೆಂಗಸನ್ನು ಹುಡುಕಬೇಕಾದರೆ ಗಂಡಸು ಸತ್ತ ವರ್ಷವನ್ನು ಹುಡುಕಬೇಕು. ಗಂಡ ಬದುಕಿರುವ ತನಕ ಜಮೀನಿನ ಕಾಗದದಲ್ಲಿ ಅವಳ ಹೆಸರು ಇರುವುದೇ ಅಪರೂಪ. ಅವನು ಸತ್ತ ಮೇಲೆ ಪೌತಿ ಖಾತೆ ಆಗುತ್ತದೆ. ಪೌತಿ ಅಂದರೆ ಸಾವು; ಸತ್ತವನ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದೇ ಪೌತಿ ಖಾತೆ. ಮಕ್ಕಳು ಚಿಕ್ಕವರಿದ್ದರೆ 'ಮೈನರ್ ಗಾರ್ಡಿಯನ್ ತಾಯಿ' ಅಂತ ಅವಳ ಹೆಸರು ಬಂದೇ ಬರುತ್ತದೆ. ಗಂಡುಮಕ್ಕಳಿಲ್ಲದಿದ್ದರೆ ಅವಳದೇ ಹೆಸರಿಗೆ ಖಾತೆ, 'ಕೋಂ' ಅಂತ ಸೇರಿಸಿ ಗಂಡನ ಹೆಸರು. ಬಿನ್ ಅಂದರೆ ಇಂಥವನ ಮಗ, ಕೋಂ ಅಂದರೆ ಇಂಥವನ ಹೆಂಡತಿ. ಈ ಎರಡು ಪದ ಗೊತ್ತಿದ್ದರೆ ಹಳೇ ಮೈಸೂರಿನ ಅರ್ಧ ವಂಶವೃಕ್ಷ ಓದಬಹುದು.

ಸಬ್ ರಿಜಿಸ್ಟ್ರಾರ್ ಕಚೇರಿಯ ಪಾಲುಪತ್ರಗಳನ್ನೂ ಬಿಡಬೇಡಿ. ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ಬಂತು. ಆಮೇಲಿನ ಪಾಲುಪತ್ರಗಳಲ್ಲಿ ತಾಯಿ, ವಿಧವೆಯರ ಹೆಸರು ಕಾಣುವ ಸಂಭವ ಜಾಸ್ತಿ.

ಒಂದು ಎಚ್ಚರಿಕೆ. ಹೆಸರು ಹಿಡಿದು ಹೋಗಬೇಡಿ, ಸರ್ವೆ ನಂಬರ್ ಹಿಡಿದು ಹೋಗಿ. ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರು. ತಿಮ್ಮಯ್ಯ ಬಿನ್ ರಂಗಯ್ಯ, ರಂಗಯ್ಯ ಬಿನ್ ತಿಮ್ಮಯ್ಯ, ಮತ್ತೆ ತಿಮ್ಮಯ್ಯ ಬಿನ್ ರಂಗಯ್ಯ. ಇಷ್ಟು ವರ್ಷ ಬೇರೆಯವರಿಗೆ ಕಡತ ತೆಗೆದುಕೊಟ್ಟ ನಾನೇ ನಮ್ಮ ಮನೆಯ ಇಬ್ಬರು ತಿಮ್ಮಯ್ಯರನ್ನು ಒಬ್ಬನೇ ಅಂದುಕೊಂಡು ಎರಡು ವರ್ಷ ಸುಮ್ನೆ ಅಲೆದೆ. ಸತ್ತು ಇಪ್ಪತ್ತು ವರ್ಷವಾದ ಮೇಲೆ ಅವನು ಹೊಲ ಕೊಂಡಿದ್ದ! ಆಗ ಬುದ್ಧಿ ಬಂತು.

ಪ್ರಶ್ನೆ: ನಮ್ಮ ಮನೆಯ ಹಳೇ ಕಾಗದಗಳೆಲ್ಲ ಉರ್ದುವಿನಲ್ಲಿವೆ. ಮೇಲೆ 1340 ಅಂತ ವರ್ಷ. ಇದು ಹಿಜರಿಯೇ?
— ಓದುಗ, ಕಲಬುರಗಿ

ಉತ್ತರ: ಕಂದಾಯದ ಕಾಗದವಾದರೆ ಬಹುತೇಕ ಫಸಲಿ, ಅಂದರೆ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷದ ಎಣಿಕೆ. 1948ರ ತನಕ ನಿಮ್ಮ ಸೀಮೆ ನಿಜಾಮರದು, ಕಚೇರಿ ಭಾಷೆ ಉರ್ದು. ಫಸಲಿಗೆ 590 ಕೂಡಿಸಿ, ಇಸವಿ ಸಿಗುತ್ತದೆ. ಒಂದು ವರ್ಷ ಆಚೀಚೆ ಆಗಬಹುದು. 1340 ಅಂದರೆ 1930–31. ಅದನ್ನೇ ಹಿಜರಿ ಅಂದುಕೊಂಡರೆ 1921–22 ಆಗುತ್ತದೆ, ಒಂಬತ್ತು ವರ್ಷದ ಎಡವಟ್ಟು. ಓದಿಸುವುದಕ್ಕೆ ಬರೀ ಉರ್ದು ಬಲ್ಲವರು ಸಾಲದು, ಹಳೇ ಕಚೇರಿ ಬರಹ ಓದಿ ಗೊತ್ತಿರುವವರು ಬೇಕು. ಬೆಳಗಾವಿ ಕಡೆಯವರಿಗೆ ಮರಾಠಿಯ ಮೋಡಿ ಲಿಪಿಯಲ್ಲೂ ಇದೇ ಪಾಡು.

ಪ್ರಶ್ನೆ: ನಮಗೆ ಜಮೀನೂ ಇರಲಿಲ್ಲ, ಫೋಟೋನೂ ಇಲ್ಲ. ನಮ್ಮಂಥವರು ಏನು ಮಾಡಬೇಕು?
— ಓದುಗ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮೂರಿಗೆ ಹೆಳವರು ಬರುತ್ತಾರಾ, ವಿಚಾರಿಸಿ. ಮನೆಮನೆಯ ವಂಶಾವಳಿ ಹೇಳುವುದೇ ಅವರ ಕಸುಬು. ಹಿಂದೆ ಎತ್ತಿನ ಮೇಲೆ ಕೂತು ಬರುತ್ತಿದ್ದರು. ಮೂಲ ಊರು ಯಾವುದು, ಅಲ್ಲಿಂದ ಯಾರು ಎದ್ದು ಬಂದರು, ಅವನಿಗೆ ಎಷ್ಟು ಮಕ್ಕಳು ಅಂತ ಒಂದೇ ಉಸಿರಿಗೆ ಹೇಳಿ ಕಾಳು ಕಡಿ ಇಸಿದುಕೊಂಡು ಹೋಗುತ್ತಾರೆ. ಪುಸ್ತಕವನ್ನೂ ಇಟ್ಟಿರುತ್ತಾರೆ. ಒಬ್ಬೊಬ್ಬ ಹೆಳವನಿಗೆ ಇಂತಿಷ್ಟು ಮನೆ ಅಂತ ಹಂಚಿಕೆ ಇದೆ. ಹಾಗಾಗಿ ಕಂಡ ಹೆಳವನನ್ನೆಲ್ಲ ಕೇಳಬೇಡಿ. ನಿಮ್ಮ ಮನೆತನದವನು ಯಾರು ಅಂತ ಓಣಿಯ ಹಿರಿಯರಿಂದ ತಿಳಿದುಕೊಳ್ಳಿ. ಅವನು ಬಂದ ದಿನ ಕೇಳಿ ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿ. ನಡುವೆ ತಡೆದು ಪ್ರಶ್ನೆ ಹಾಕಬೇಡಿ, ಓಟ ತಪ್ಪಿದರೆ ಅವನು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.